ತಾಯಿಕೋಳಿಯ ಕೆಲಸ ಹೊತ್ತ ಡಾಕ್ಟರಮ್ಮ

"ಮರಿಗಳಿಗೆ ಹಿಕ್ಕೆ ನೀರು ಕುಡಿಸ್ತೀರಾ? ತಲೆ ನೆಟ್ಟಗಿದೆಯಾ ನಿಮಗೆ? ಮೊದಲು ಶೆಡ್ಡಿಂದ ಆಚೆ ನಡೀರಿ!"

ಕೂಗಾಡುತ್ತಿದ್ದವನು ಕೋಳಿ ಸಾಕುವವನು. ಒಂದೇ ಜಾಗದಲ್ಲಿ ಎರಡು ಶೆಡ್ಡು: ಒಂದು ಅವನದು, ಇನ್ನೊಂದು ಅವನ ಅಕ್ಕನದು. ಪ್ರಯೋಗಾಲಯದ ಡಾಕ್ಟರಮ್ಮನವರು ಕದಲಲಿಲ್ಲ.

"ಹಿಕ್ಕೆ ಅಲ್ಲಪ್ಪಾ, ಆರೋಗ್ಯವಾಗಿರೋ ಕೋಳಿಯ ಕರುಳಲ್ಲಿರೋ ಒಳ್ಳೆ ಬ್ಯಾಕ್ಟೀರಿಯಾ. ನಿನ್ನ ಮರಿಗಳು ಯಂತ್ರದಲ್ಲಿ ಹುಟ್ಟಿದವು, ತಾಯಿ ಮುಖ ಕಂಡಿಲ್ಲ. ತಾಯಿ ಕೊಡಬೇಕಾದ್ದನ್ನ ನಾನು ಕೊಡ್ತೀನಿ. ಮೇವಿಗೆ ದಿನಾ ಆ್ಯಂಟಿಬಯೋಟಿಕ್ ಬೆರೆಸೋದು ನಿಲ್ಲಿಸು."

"ಮರಿ ಸತ್ರೆ?"

"ಕೆಲವು ಸಾಯಬಹುದು."

ಸುಳ್ಳು ಹೇಳಿ ಒಪ್ಪಿಸುವುದು ಅವರಿಗೆ ಬರುತ್ತಿರಲಿಲ್ಲ. ಕೋಳಿರೋಗದ ವಿಷಯದಲ್ಲಿ ಇಂದು ದೊಡ್ಡ ದೊಡ್ಡವರು ಅವರ ಮಾತು ಕೇಳುತ್ತಾರೆ. ಅಂದು ಅವರಿಗೆ ಸಿಕ್ಕ ಬಿರುದು 'ಹಿಕ್ಕೆ ಡಾಕ್ಟರು'.

ತಮ್ಮ ಒಪ್ಪಲಿಲ್ಲ, ಅಕ್ಕ ಒಪ್ಪಿದಳು. ಮೊದಲ ವಾರ ಅವಳ ಮರಿಗಳು ಮಂಕಾದವು, ಕೆಲವು ಸತ್ತೂ ಹೋದವು. ನಂಬಿದವಳ ಬದುಕು ಮುಳುಗಿದರೆ ಎಂಬ ದಿಗಿಲಿಗೆ ಡಾಕ್ಟರಮ್ಮನವರು ಕೂತಲ್ಲಿ ಕೂರಲಿಲ್ಲ. ಬೆಳಗಾದರೆ ಬಂದು, ಮರಿಗಳನ್ನು ಒಂದೊಂದಾಗಿ ಎತ್ತಿ ಭೇದಿಯಿಂದ ಹಿಂಭಾಗ ಒದ್ದೆಯಾಗಿದೆಯೇ ಎಂದು ನೋಡುತ್ತಿದ್ದರು.

"ನಿಮ್ಮ ಗಡಿಬಿಡಿ ನೋಡಿದ್ರೆ ನನ್ನ ಮರಿಗಳಿಗೂ ನಡುಕ ಹತ್ತುತ್ತೆ. ಕೂತ್ಕೊಳ್ಳಿ ತಾಯಿ!" ಎಂದು ಅಕ್ಕನೇ ಗದರಿದಳು. ಮರಿಗಳು ಚೇತರಿಸಿಕೊಂಡವು.

ಔಷಧಿ ಕರುಳಿನ ಒಳ್ಳೆಯದನ್ನೂ ಕೆಟ್ಟದ್ದನ್ನೂ ಒಟ್ಟಿಗೇ ಗುಡಿಸುತ್ತದೆ; ಅದಕ್ಕೆ ಬಗ್ಗದೆ ಉಳಿದ ಹಟಮಾರಿ ರೋಗಾಣುಗಳಿಗೆ ಇಡೀ ಮನೆ ಬಿಟ್ಟುಕೊಟ್ಟಂತಾಗುತ್ತದೆ. ಸೇವೆಯುದ್ದಕ್ಕೂ ಇದನ್ನೇ ಹೇಳಿದರು. ಪ್ರಯೋಗಾಲಯದ ತಟ್ಟೆಯಲ್ಲಿ ಔಷಧಿಯ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯಬಾರದು; ಬೆಳೆದರೆ ಔಷಧಿ ನಾಟುತ್ತಿಲ್ಲ ಎಂದರ್ಥ. ತಮ್ಮನ ಶೆಡ್ಡಿನವು ಬಿಲ್ಲೆಗೆ ಅಂಟಿಕೊಂಡೇ ಬೆಳೆದಿದ್ದವು. ಆ ತಟ್ಟೆಯನ್ನು ಅವನಿಗೇ ತೋರಿಸಿ, "ನಾಳೆ ಇವು ಮಕ್ಕಳ ಹೊಟ್ಟೆ ಸೇರಿದ್ರೆ ಯಾವ ಔಷಧಿ ಕೊಡ್ತೀಯಪ್ಪಾ?" ಎಂದು ಕೇಳಿದ್ದರು. ಅವನು ನಕ್ಕಿದ್ದ. ಆ ನಗು ಅವರನ್ನು ವರ್ಷಗಟ್ಟಲೆ ಕೊರೆಯಿತು.

ನಿವೃತ್ತಿಯ ದಿನ ಪ್ರಯೋಗಾಲಯದಲ್ಲಿ ಸಭೆ. ಹೂಗುಚ್ಛ ಹಿಡಿದು ಮುಳ್ಳಿನ ಮೇಲೆ ಕೂತಂತೆ ಕೂತಿದ್ದರು. ನಿರ್ದೇಶಕರು ಹಾರೈಸಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಲ್ಲಿ ತಮ್ಮ ನಿಂತಿದ್ದ, ಕೈಯಲ್ಲಿ ಸತ್ತ ಮರಿಗಳ ಚೀಲ.

"ರೋಗ ಯಾವ ಔಷಧಿಗೂ ಬಗ್ತಿಲ್ಲ, ಡಾಕ್ಟ್ರಮ್ಮ."

"ಆಚೆ ನಡೀರಿ ಅಂದಿದ್ದೆ ನೀನು."

"ಒಳಗೆ ಬನ್ನಿ ಅಂತ ಕರೆಯೋಕೇ ಬಂದೆ."

ಹೂಗುಚ್ಛ ಕುರ್ಚಿಯ ಮೇಲಿಟ್ಟು ಅವರು ಹೊರಟೇಬಿಟ್ಟರು. ನಿರ್ದೇಶಕರು ಖಾಲಿ ಕುರ್ಚಿಗೇ ಹಾರೈಸಿದರು: ಡಾಕ್ಟರಮ್ಮನವರು ನೂರ್ಕಾಲ ಬಾಳಲಿ, ಕೆಲಸ ಅವರ ಕೈ ಬಿಡದಿರಲಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಹಾ ಆರಿತು. ಅವರು ಮರಳಲಿಲ್ಲ.