ಎದೆಯ ಮೇಲಿನ ಬ್ಯಾಡ್ಜ್

ಕುವೈತ್ ನನಗೆ ಕೊಟ್ಟ ಮೊದಲ ಉಡುಗೊರೆ ಕಪಾಳಕ್ಕೆ ಬಿದ್ದ ಏಟು. ಫಹಾಹೀಲಿನಾಚೆ, ತೈಲ ಕೊಳವೆಗಳ ಬಯಲಿನಲ್ಲಿ, ಕೆಲಸಕ್ಕೆ ಸೇರಿದ ನಾಲ್ಕನೇ ದಿನ. ಹೊಡೆದವರು ನಮ್ಮ ತಂಡದ ಹಿರಿಯರಾದ ಉಳ್ಳಾಲದ ಹಮೀದಾಕ. ಕಾಲರ್ ಹಿಡಿದು ಮರಳಿನ ಮೇಲೆ ದರದರ ಎಳೆದೊಯ್ದು ಇನ್ನೊಂದು ಬಿಗಿದರು.

"ಮೀಟರ್ ನೋಡ್ಲಿಕ್ಕೆ ಎಂತ ಧಾಡಿ ನಿಂಗೆ? ಸಾಯ್ಲಿಕ್ಕೆ ಬಂದದ್ದಾ ಇಲ್ಲಿಗೆ?"

ಊರಿನವರೇ, ನಾನು ನ್ಯೂಕ್ಲಿಯರ್ ಫಿಸಿಕ್ಸಿನಲ್ಲಿ ಎಂ.ಎಸ್ಸಿ. ಮಾಡಿದವನು. ಓದಿದ ಕಾಲೇಜಿನ ಲ್ಯಾಬಿನಲ್ಲಿ ವಿಕಿರಣದ ಮೂಲವೆಂದರೆ ಸೀಸದ ಡಬ್ಬಿಯಲ್ಲಿ ಮಲಗಿದ್ದ ಬಡಪಾಯಿ. ಯಂತ್ರ ಟಿಕ್ ಟಿಕ್ ಎಂದರೆ ನಮಗೆ ಸಂಭ್ರಮ. ಇಲ್ಲಿ ಅದೇ ಗಾಮಾ ಕಿರಣ ಆಳನ್ನು ನುಂಗುತ್ತದೆ. ಹುರುಳಿಕಾಳಿನಷ್ಟು ಇರಿಡಿಯಂ ಗುಂಡನ್ನು ಸೀಸದ ಪೆಟ್ಟಿಗೆಯಿಂದ ಟ್ಯೂಬಿನೊಳಗೆ ನೂಕಿ, ಕೊಳವೆಯ ಬೆಸುಗೆಯ ಬಿರುಕು ತೋರಿಸುವ ಎಕ್ಸ್‌ರೇಯಂಥ ಫಿಲ್ಮ್ ತೆಗೆದು, ಹಿಡಿಕೆ ತಿರುಗಿಸಿ ಗುಂಡನ್ನು ಹಿಂದಕ್ಕೆಳೆಯಬೇಕು. ಅಂದು ಹಿಡಿಕೆ ತಿರುಗದೆ ನಿಂತಿತು. ಗುಂಡು ಪೆಟ್ಟಿಗೆ ಸೇರಿತೆಂದುಕೊಂಡು ವಿಕಿರಣ ಅಳೆಯುವ ಮೀಟರ್ ನೋಡದೆ ಅದರತ್ತ ನಡೆದೆ. ಟ್ಯೂಬಿಗೆ ನಾನು ನಿಲ್ಲಿಸಿದ್ದ ಸ್ಟ್ಯಾಂಡ್ ಬಿದ್ದು ಟ್ಯೂಬ್ ಜಜ್ಜಿಹೋಗಿ ಗುಂಡು ದಾರಿಯಲ್ಲೇ ಸಿಕ್ಕಿಕೊಂಡಿತ್ತು.

"ಯಲ್ಲಾ ಭಾಯಿ, ಜಲ್ದಿ ಖಲಾಸ್ ಕರೋ," ಎಂದು ಫೋರ್‌ಮನ್ ದೂರದಿಂದಲೇ ಅರಚಿದ.

ಹಮೀದಾಕ ಸುತ್ತಿಗೆ ಎತ್ತಿಕೊಂಡರು. ಮೈಗೆ ಎಷ್ಟು ವಿಕಿರಣ ತಗುಲಿತೆಂದು ದಾಖಲಿಸುವ ಬ್ಯಾಡ್ಜನ್ನು ಅಂಗಿಯಿಂದ ಕಿತ್ತು ವ್ಯಾನಿನ ಕನ್ನಡಿಗೆ ನೇತುಹಾಕಿದರು. ಹಳಬರೆಲ್ಲ ಹೀಗೇ ಮಾಡುತ್ತಿದ್ದರು.

"ಅದನ್ನು ಹಾಕ್ಕೊಳ್ಳಿ," ಎಂದೆ.

"ಅದು ತುಂಬಿದ್ರೆ ಕಫೀಲ್ ಊರಿಗೆ ಓಡಿಸ್ತಾನೆ. ಮಗಳ ನರ್ಸಿಂಗ್ ಮುಗೀಲಿಲ್ಲ ಇನ್ನೂ. ನೀನು ಸುಮ್ಮನೆ ಕೂತ್ಕೊ ಮಾರಾಯ."

ಕಫೀಲ್ ಎಂದರೆ ನಮ್ಮನ್ನು ಕರೆಸಿಕೊಂಡ ಧಣಿ. ಇಲ್ಲಿ ಬದುಕಲು ಬೇಕಾದ ಇಕಾಮಾ ಎಂಬ ಪರವಾನಗಿಯ ಜುಟ್ಟು ಅವನ ಕೈಯಲ್ಲಿ.

ತಪ್ಪು ನನ್ನದು, ಸುಡುವುದು ಅವರ ಮೈ. ಎಷ್ಟು ಸುಟ್ಟಿತೆಂದು ಡಾಕ್ಟರಿಗಾದರೂ ಗೊತ್ತಾಗಬೇಡವೇ? ನನಗೆ ತಲೆ ಕೆಟ್ಟಿತು. ಕನ್ನಡಿಯಿಂದ ಬ್ಯಾಡ್ಜ್ ಕಿತ್ತುಕೊಂಡು ಅವರ ಮೇಲೆ ಬಿದ್ದೆ. ಅವರ ಮೊಣಕೈ ಬಾಯಿಗೆ ಬಡಿದು ನನ್ನ ಹಲ್ಲು ಅಲುಗಾಡಿತು. ನಾಲಗೆಯ ಮೇಲೆ ಮರಳೂ ರಕ್ತವೂ ಕಲಸಿದವು. ಅವರ ಎದೆಯ ಮೇಲೆ ಮಂಡಿಯೂರಿ ಬ್ಯಾಡ್ಜಿನ ಪಿನ್ ಚುಚ್ಚಿದೆ. ಅಂಗಿ ದಾಟಿ ಚರ್ಮಕ್ಕೂ ಹೋಯಿತು. ಅವರು ಹಾಗೆಯೇ ಓಡಿ, ಬಡಿದು ಟ್ಯೂಬ್ ಬಿಡಿಸಿ, ಗುಂಡನ್ನು ಒಳಗೆಳೆದು ಬಂದರು. ಬಂದವರೇ ನನ್ನ ಪಕ್ಕೆಗೆ ಒದ್ದರು.

ತಿಂಗಳ ಕೊನೆಗೆ ಬ್ಯಾಡ್ಜಿನ ವರದಿ ಬಂತು, ಮಿತಿ ಮೀರಿತ್ತು. ಕಫೀಲ್ ಅವರ ಇಕಾಮಾ ರದ್ದು ಮಾಡಿದ. ಇರಿಡಿಯಂ ಎಪ್ಪತ್ನಾಲ್ಕು ದಿನಕ್ಕೆ ಅರ್ಧವಾಗುತ್ತದೆ, ಹಮೀದಾಕನ ಸಿಟ್ಟು ಆಗಲಿಲ್ಲ. ಒಂದೇ ಕೋಣೆಯಲ್ಲಿದ್ದೆವು. ಹೊರಡುವ ದಿನವೂ ಮೀನುಸಾರು ಮಾಡಿ ಎಲ್ಲರಿಗೂ ಬಡಿಸಿದರು, ನನ್ನೊಬ್ಬನನ್ನು ಬಿಟ್ಟು.

"ಜೀವ ಉಳಿಸ್ತೇನೆ ಅಂತ ಹೊಟ್ಟೆಗೆ ಹೊಡ್ದೆ ನೀನು," ಎಂದು ಹೋದರು.

ಮೂರು ವರ್ಷದ ಮೇಲೆ, ಮೊನ್ನೆ ರಜೆಗೆ ಬಂದಾಗ ಉಳ್ಳಾಲಕ್ಕೆ ಹೋದೆ. ಮಗಳು ಓದು ಬಿಟ್ಟು ಬಟ್ಟೆಯಂಗಡಿಯಲ್ಲಿದ್ದಾಳೆ. ಹಮೀದಾಕನ ರಕ್ತ ಪರೀಕ್ಷೆಯಲ್ಲಿ ಈವರೆಗೆ ಏನೂ ಕಂಡಿಲ್ಲ. ಚಹಾ ಕೊಟ್ಟರು.

"ನಿನ್ನ ಬ್ಯಾಡ್ಜ್ ಎಲ್ಲಿರ್ತದೆ ಈಗ?"

"ಎದೆ ಮೇಲೆಯೇ."

ಸುಳ್ಳು ಹೇಳಿದೆ. ಕುವೈತಿನ ಬ್ನೇದ್ ಅಲ್ ಗಾರ್‌ನಲ್ಲಿ ಎರಡು ಕೋಣೆಯ ಮನೆ ಹಿಡಿದು ಹೆಂಡತಿಯನ್ನೂ, ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗಳನ್ನೂ ಕರೆಸಿಕೊಂಡಂದಿನಿಂದ ಅದು ವ್ಯಾನಿನ ಕನ್ನಡಿಯಲ್ಲೇ ನೇತಾಡುತ್ತಿದೆ. ಊರಲ್ಲೇ ಕುಳಿತು ಚಹಾ ಕುಡಿಯುತ್ತ, ಎಲ್ಲಿ ಊರಿಗೆ ಕಳಿಸಿಬಿಡುತ್ತಾರೋ ಎಂದು ನಾನು ಹೆದರುತ್ತಿದ್ದೆ.