ತುಮಿರಾಳ ಜಗಲಿಯಲ್ಲಿ ಬಿಚ್ಚಿದ ಪಾರ್ಸೆಲ್

ಕುದುಸ್ ಊರಿನ ಲವಂಗದ ಸಿಗರೇಟು ಕಾರ್ಖಾನೆಯಲ್ಲಿ ತುಮಿರಾ ಇಪ್ಪತ್ತೊಂಬತ್ತು ವರ್ಷದಿಂದ ಸಿಗರೇಟು ಸುತ್ತುತ್ತಿದ್ದಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಮೇಲ್ವಿಚಾರಕಿ ಕೂಡ ಅವಳನ್ನು ಗದರಿಸುವ ಮುಂಚೆ ಒಮ್ಮೆ ಯೋಚಿಸುತ್ತಿದ್ದಳು. ಗಂಡ ತೀರಿ ಬಹಳ ಕಾಲವಾಗಿತ್ತು, ಮಕ್ಕಳಿರಲಿಲ್ಲ. ಅವಳು ಸುತ್ತಿದ ಸಿಗರೇಟಿನ ಎರಡೂ ತುದಿಗಳನ್ನು ಕತ್ತರಿಯಿಂದ ಸಮ ಮಾಡುತ್ತಿದ್ದವಳು ನೂರ್ಯಾತಿ. ಅಲ್ಲಿ ಕೆಲಸವೆಲ್ಲ ಜೋಡಿಯದು, ಒಬ್ಬಳು ಸುತ್ತಬೇಕು, ಒಬ್ಬಳು ಕತ್ತರಿಸಬೇಕು. ಒಂಬತ್ತು ವರ್ಷ ಒಂದೇ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತವರು. ನೂರ್ಯಾತಿಯ ಮನೆಯೂ ತುಮಿರಾಳ ಮನೆಯ ಹಿಂದಿನ ಓಣಿಯಲ್ಲೇ.

ಒಂದು ಕಾಲದಲ್ಲಿ ತುಮಿರಾಳಿಗೂ ಫೋನಿನ ಸೇಲ್ ಎಂದರೆ ಹುಚ್ಚು. ಒಂದು ವರ್ಷ ಬೋನಸ್ಸಿನ ದುಡ್ಡನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಕರಗಿಸಿದಳು. ಬ್ರೆಡ್ ತಿನ್ನುವವರೇ ಇಲ್ಲದ ಮನೆಗೆ ಬ್ರೆಡ್ ಮಾಡುವ ಯಂತ್ರ ಬಂತು, ಕಾಲಿಗೆ ಹಿಡಿಸದ ಮೂರು ಜೊತೆ ಚಪ್ಪಲಿ ಬಂತು. ಆ ತಿಂಗಳೇ ತಮ್ಮನ ಮಗಳ ಮದುವೆ. ಮುಯ್ಯಿ ಹಾಕಲು ಲಕೋಟೆಯಲ್ಲಿ ಏನೂ ಇರಲಿಲ್ಲ. ತಮ್ಮನ ಹೆಂಡತಿ ಎಲ್ಲರೆದುರು, "ಅತ್ತಿಗೆ ಬ್ರೆಡ್ ಮಾಡ್ಕೊಂಡು ಬರ್ತಾರೆ ಅಂತ ಕಾಯ್ತಿದ್ವಿ" ಎಂದಳು. ಊಟದ ಸಾಲಿನಲ್ಲಿದ್ದವರೆಲ್ಲ ನಕ್ಕರು. ತುಮಿರಾ ಊಟ ಮಾಡದೆ ಬಂದಳು. ಅಂದಿನಿಂದ ಅವಳು ಒಂದು ಪಿನ್ನು ಕೂಡ ಅವಸರದಲ್ಲಿ ಕೊಳ್ಳಲಿಲ್ಲ. ಬುದ್ಧಿಮಾತು ಮಾಡದ ಕೆಲಸವನ್ನು ನಾಚಿಕೆ ಮಾಡಿತು ಎಂಬುದು ಅವಳ ತಲೆಯಲ್ಲಿ ಗಟ್ಟಿಯಾಗಿ ಕೂತಿತು.

ಹಾಗಾಗಿ ತನ್ನ ಜಗಲಿಯಲ್ಲಿ ಚೀಟಿ ಹಾಕುವ ಎಂಟು ಹೆಂಗಸರಿಗೂ ಅದೇ ಔಷಧ ಕುಡಿಸಲು ಹೊರಟಳು. ಹನ್ನೊಂದನೇ ತಿಂಗಳ ಹನ್ನೊಂದನೇ ತಾರೀಕು, ಹನ್ನೆರಡನೇ ತಿಂಗಳ ಹನ್ನೆರಡು, ಇಂಥ ಸೇಲ್ ದಿನಗಳಲ್ಲಿ ಕೆಲಸಕ್ಕೆ ಹೋಗುವ ಮುಂಚೆ ಎಲ್ಲರ ಫೋನೂ ಅವಳ ಮನೆಯ ಹಪ್ಪಳದ ಡಬ್ಬಿಗೆ ಬೀಳಬೇಕು. ಏನಾದರೂ ಬೇಕೇ ಬೇಕು ಅನ್ನಿಸಿದರೆ ನಲವತ್ತು ದಿನ ಸುಮ್ಮನೆ ಕಾಯಬೇಕು. ಕದ್ದು ಕೊಂಡವಳ ಪಾರ್ಸೆಲ್ಲನ್ನು ಜಗಲಿಯಲ್ಲಿ ಎಲ್ಲರ ಮುಂದೆ ಬಿಚ್ಚಬೇಕು.

ನಿಯಮ ಕೆಲಸ ಮಾಡಿತು. ಹಿಂದಿನ ವರ್ಷ ಜುಮಿಯಾತಿ ಹೊಟ್ಟೆ ಕರಗಿಸುವ ಪಟ್ಟಿ ತರಿಸಿ ಸಿಕ್ಕಿಬಿದ್ದಿದ್ದಳು. ತುಮಿರಾ ಅದನ್ನು ಅವಳ ಸೊಂಟಕ್ಕೆ ಬಿಗಿದು ಓಣಿಯ ಕೊನೆವರೆಗೆ ನಡೆಸಿದಳು. "ಬಿಗಿಯಾಗಿ ಎಳಿಯೇ, ಇನ್ನೂ ಎರಡು ಮೂಟೆ ಅಕ್ಕಿ ಆಚೆ ಇದೆ!" ಎಂದಾಗ ಹೆಂಗಸರು ಬಿದ್ದು ಬಿದ್ದು ನಕ್ಕರು. ನೂರ್ಯಾತಿಯೂ ನಕ್ಕಳು. ಜುಮಿಯಾತಿ ತಾನೂ ನಕ್ಕಂತೆ ಮಾಡಿದಳು, ಆದರೆ ಯಾರ್‍ಯಾರು ನಕ್ಕರೆಂದು ನೋಡಿಟ್ಟುಕೊಂಡಳು.

ಈ ವರ್ಷ ಜುಲೈನಲ್ಲಿ ನೂರ್ಯಾತಿ ಸಮುದ್ರದಾಚೆ ಕಾಲಿಮಂತಾನಿನಲ್ಲಿರುವ ಅಕ್ಕನ ಮನೆಗೆ ಎಂದು ಹೇಳಿ ಆರು ವಾರ ರಜೆ ಹಾಕಿದಳು. ವಾಪಸು ಬಂದಾಗ ಇಳಿದುಹೋಗಿದ್ದಳು. ಎದೆಯವರೆಗೆ ಇರುತ್ತಿದ್ದ ತಲೆವಸ್ತ್ರ ಈಗ ಸೊಂಟ ಮುಟ್ಟುತ್ತಿತ್ತು.

"ಏನೇ, ಅಕ್ಕನ ಮನೇಲಿ ಊಟ ಹಾಕ್ಲಿಲ್ವಾ? ಬರೀ ಬಟ್ಟೆ ಕೊಟ್ಟು ಕಳಿಸಿದ್ಳಾ?" ಎಂದಳು ತುಮಿರಾ.

"ಸೆಖೆ ಅಕ್ಕ ಅಲ್ಲಿ. ಊಟ ಸೇರ್ತಿರ್ಲಿಲ್ಲ," ಎಂದಷ್ಟೇ ಹೇಳಿ ನೂರ್ಯಾತಿ ಕತ್ತರಿ ಹಿಡಿದಳು.

ನವೆಂಬರಿನ ಸೇಲ್ ಮುಗಿದ ನಾಲ್ಕನೇ ದಿನ, ಶುಕ್ರವಾರ ಮಧ್ಯಾಹ್ನ, ಚೀಟಿ ಎತ್ತಲು ಎಲ್ಲರೂ ಜಗಲಿಯಲ್ಲಿ ಸೇರಿದ್ದರು. ಚಹಾ ಬಂದಿತ್ತು, ಹುದುಗಿಸಿದ ಸೋಯಾಕಾಳಿನ ಕರಿದ ತೆಂಪೆ ಬಂದಿತ್ತು. ಓಣಿಯಲ್ಲಿ ಪಾರ್ಸೆಲ್ ಹುಡುಗನ ಬೈಕು ನಿಂತಿತು. "ನೂರ್ಯಾತಿ ಅನ್ನೋರು ಇಲ್ಲಿದ್ದಾರಾ? ಮನೆಗೆ ಬೀಗ ಹಾಕಿದೆ. ಪಾರ್ಸೆಲ್!"

ಹೋ ಎಂಬ ಗದ್ದಲ ಎದ್ದಿತು. ನೂರ್ಯಾತಿ ಏಳುವಷ್ಟರಲ್ಲಿ ಜುಮಿಯಾತಿ ಓಡಿಹೋಗಿ ಪೊಟ್ಟಣ ಕಿತ್ತುಕೊಂಡು ತಂದಳು.

"ಅಕ್ಕಾ, ಇದನ್ನ ಬಿಚ್ಬೇಡಿ," ಎಂದಳು ನೂರ್ಯಾತಿ. ಅವಳ ದನಿ ಸಣ್ಣಗಾಗಿತ್ತು. "ಫೋನು ಡಬ್ಬಿಗೆ ಹಾಕೋ ಮುಂಚೆ ಆರ್ಡರ್ ಮಾಡಿದ್ದು. ತಪ್ಪೇ. ದಂಡ ಎಷ್ಟು ಬೇಕಾದ್ರೂ ಹಾಕಿ. ನಿಮಗೊಬ್ಬರಿಗೆ ಆಮೇಲೆ ಒಳಗೆ ತೋರಿಸ್ತೀನಿ."

ತುಮಿರಾಳಿಗೆ ಒಳಗೊಳಗೇ ಏನೋ ಚುಚ್ಚಿತು. ಆದರೆ ಏಳು ಜನ ನೋಡುತ್ತಿದ್ದರು. ಜುಮಿಯಾತಿ ಹುಬ್ಬೇರಿಸಿ, "ಓಹೋ, ಜೊತೆ ಬೆಂಚಿನವಳಿಗೆ ಬೇರೆ ಕಾನೂನಾ?" ಎಂದಳು.

"ಯಾರಿಗೂ ಬೇರೆ ಇಲ್ಲ. ಕೊಡೇ ಇಲ್ಲಿ," ಎಂದು ತುಮಿರಾ ಚಾಕು ತಗೊಂಡಳು.

ಒಳಗಿನಿಂದ ಚರ್ಮದ ಬಣ್ಣದ, ಅಂಗೈಯಗಲದ, ಮೆತ್ತಗಿನ ಒಂದು ಮುದ್ದೆ ಜಾರಿ ಅವಳ ಮಡಿಲಿಗೆ ಬಿತ್ತು. ಏನೆಂದು ತಿಳಿಯಲು ಯಾರಿಗೂ ಹೊತ್ತು ಬೇಕಾಗಲಿಲ್ಲ. ತುಮಿರಾ ಅದನ್ನು ಮೇಲೆತ್ತಿ ಹಿಡಿದು ಎಲ್ಲರಿಗೂ ತೋರಿಸಿದಳು.

"ಅಯ್ಯಯ್ಯೋ, ನಮ್ಮ ನೂರ್ಯಾತಿಗೆ ಎದೆ ಉಬ್ಬಿಸ್ಕೊಳ್ಳೋ ಆಸೆ! ಇಷ್ಟುದ್ದ ಬಟ್ಟೆ ಹೊದ್ದುಕೊಂಡು ಒಳಗೆ ಈ ಆಟಾನಾ?"

ಜಗಲಿ ನಗೆಯಿಂದ ಅದುರಿತು. ಒಬ್ಬಳು ಚಹಾ ನೆತ್ತಿಗೇರಿ ಕೆಮ್ಮಿದಳು. ತುಮಿರಾ ಪೊಟ್ಟಣವನ್ನು ಬೋರಲು ಹಾಕಿ ಕೊಡವಿದಳು.

"ಇದೇನೇ, ಒಂದೇ ಬಂದಿದೆ! ಇನ್ನೊಂದನ್ನ ಅಂಗಡಿಯವನು ತನಗೇ ಇಟ್ಕೊಂಡ್ನಾ?"

ನಗೆ ಇನ್ನೂ ಜೋರಾಯಿತು. ಅದು ತಾನಾಗಿ ತಗ್ಗುವವರೆಗೆ ನೂರ್ಯಾತಿ ಕಾದಳು.

"ಒಂದೇ ಸಾಕು ಅಕ್ಕ," ಎಂದಳು.

ಎದ್ದು ಬಂದು ತುಮಿರಾಳ ಕೈಯಿಂದ ಅದನ್ನು ತೆಗೆದುಕೊಂಡಳು. ನೆಲದ ಮೇಲಿದ್ದ ಹರಿದ ಕವರನ್ನೂ ಬಿಡದೆ ಆಯ್ದುಕೊಂಡಳು. ಮೆಟ್ಟಿಲಿಳಿದು ಚಪ್ಪಲಿ ಹಾಕಿಕೊಂಡು ಹೋದಳು. ತೆಂಪೆ ತಣ್ಣಗಾಯಿತು. ಆ ದಿನ ಚೀಟಿ ಎತ್ತಲಿಲ್ಲ.

ಮರುದಿನ ಆರು ಗಂಟೆಗೆ ನೂರ್ಯಾತಿ ಬೆಂಚಿನ ಮೇಲೆ ಕೂತಿದ್ದಳು. ತುಮಿರಾ ಬಾಳೆಲೆಯಲ್ಲಿ ಕಟ್ಟಿಸಿಕೊಂಡು ಬಂದಿದ್ದ ಹಲಸಿನ ಸಾರು ಹಾಕಿದ ಅನ್ನದ ಕಡುಬನ್ನು ಅವಳ ಮುಂದಿಟ್ಟಳು. ಅವಳು ಮುಟ್ಟಲಿಲ್ಲ.

"ತಪ್ಪಾಯ್ತು ಕಣೇ. ನಂಗೆ ಗೊತ್ತಿರ್ಲಿಲ್ಲ. ಒಂದು ಮಾತು ಹೇಳ್ಬಾರ್ದಿತ್ತಾ?"

ನೂರ್ಯಾತಿಯ ಕತ್ತರಿ ನಿಲ್ಲಲಿಲ್ಲ. "ಹೇಳಿದ್ರೆ ಏನು ಮಾಡ್ತಿದ್ರಿ?"

"ಏನು ಅಂದ್ರೆ... ನೋಡ್ಕೋತಿದ್ದೆ. ಆಸ್ಪತ್ರೆಗೆ ಬರ್ತಿದ್ದೆ."

"ಸೆಮಾರಂಗಿನ ಆಸ್ಪತ್ರೇಲಿ ಆಪರೇಷನ್ ಆದಾಗ ಪಕ್ಕದ ಮಂಚದವಳು ನನ್ನನ್ನ ನೋಡಿ ಅಳ್ತಿದ್ಳು. ಇಲ್ಲಿ ಬಂದು ಕೂತ್ರೆ ನೀವು ಬಾಯಿಗೆ ಬಂದ ಹಾಗೆ ಬೈತಿದ್ರಿ. ಇಷ್ಟಾದ್ರೂ ಮೊದಲಿನ ಹಾಗೇ ಇದೆಯಲ್ಲ ಅಂತ ಇತ್ತು ನಂಗೆ." ಒಂದು ಹಿಡಿ ಸಿಗರೇಟು ಸಮ ಮಾಡಿ ಪಕ್ಕಕ್ಕಿಟ್ಟಳು. "ಅದು ಅವಸರದಲ್ಲಿ ತಗೊಂಡಿದ್ದಲ್ಲ ಅಕ್ಕ. ನೀವು ಹೇಳಿದ್ದು ನಲವತ್ತು ದಿನ. ನಾನು ಎಪ್ಪತ್ತು ದಿನ ಕಾದೆ, ಬೆಲೆ ಇಳೀಲಿ ಅಂತ. ಅಲ್ಲೀವರೆಗೂ ಹಳೇ ಬಟ್ಟೆ ತುರುಕ್ಕೊಂಡು ನಿಮ್ಮ ಪಕ್ಕ ಕೂತಿದ್ದೆ."

ತುಮಿರಾಳ ಕೈ ಸುತ್ತುವುದನ್ನು ಮರೆಯಿತು. ಎಡಗಡೆ ಕೂತವಳ ಮೈ ಇಷ್ಟು ತಿಂಗಳು ತನ್ನ ಮೈಗೆ ತಾಗುತ್ತಿತ್ತು. ಏನೂ ಗೊತ್ತಾಗಿರಲಿಲ್ಲ.

"ಕೈ ಆಡಲಿ ಅಕ್ಕ. ನನಗೆ ಕತ್ತರಿಸೋಕೆ ಏನೂ ಇಲ್ಲ," ಎಂದಳು ನೂರ್ಯಾತಿ.

ಆ ವಾರದೊಳಗೆ ಸುದ್ದಿ ಕಾರ್ಖಾನೆಯನ್ನೆಲ್ಲ ಸುತ್ತಿತು. ಜುಮಿಯಾತಿ ಅದನ್ನು ಕಣ್ಣಲ್ಲಿ ನೀರು ತಂದುಕೊಂಡೇ ಹೇಳಿದಳು, ಪ್ರತಿ ಬೆಂಚಿನ ಹತ್ತಿರವೂ ಹೇಳಿದಳು. ಹೆಂಗಸರು ನೂರ್ಯಾತಿಯನ್ನು ಕಂಡರೆ ದನಿ ತಗ್ಗಿಸತೊಡಗಿದರು, ಅವಳ ಮುಖ ನೋಡುವ ಮುಂಚೆ ಎದೆ ನೋಡತೊಡಗಿದರು. ಮೇಲ್ವಿಚಾರಕಿಯನ್ನು ಕೇಳಿಕೊಂಡು ಅವಳು ಬೇರೆ ಶೆಡ್ಡಿಗೆ ಹೋದಳು. ಚೀಟಿಯನ್ನೂ ಬಿಟ್ಟಳು. ತುಮಿರಾಳ ಜೊತೆಗೆ ಕತ್ತರಿ ಹಿಡಿಯಲು ಬಂದ ಹೊಸಬಳು ದಿನವೆಲ್ಲ ಆಕಳಿಸುತ್ತಿದ್ದಳು.

ಡಿಸೆಂಬರಿನ ಸೇಲ್ ಹತ್ತಿರ ಬಂದಾಗ ತುಮಿರಾ, "ಈ ನಿಯಮ ಸಾಕು, ಬಿಟ್ಬಿಡೋಣ" ಎಂದಳು.

"ಯಾಕೆ ಬಿಡ್ಬೇಕು?" ಎಂದಳು ಜುಮಿಯಾತಿ. "ಈಗಲೇ ಅಲ್ವಾ ಎಲ್ರಿಗೂ ಸರಿಯಾಗಿ ಹೆದರಿಕೆ ಹುಟ್ಟಿರೋದು?"

ಉಳಿದವರು ತಲೆ ತಗ್ಗಿಸಿಕೊಂಡು ಹೂಂಗುಟ್ಟಿದರು. ಆ ಸಲ ಓಣಿಗೆ ಒಂದು ಪಾರ್ಸೆಲ್ಲೂ ಬರಲಿಲ್ಲ.

ರಂಜಾನ್ ಉಪವಾಸ ಮುಗಿದು ಲೆಬಾರಾನ್ ಹಬ್ಬ ಬಂತು. ಅಂದು ಎಲ್ಲರೂ ಎಲ್ಲರ ಮನೆಗೆ ಹೋಗಿ ವರ್ಷದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ತುಮಿರಾ ಹೊಸ ಬಟ್ಟೆ ಉಟ್ಟು ಹಿಂದಿನ ಓಣಿಗೆ ಹೋದಳು. ದಾರಿಯುದ್ದಕ್ಕೂ ಹೇಳಬೇಕಾದ ಮಾತು ಜೋಡಿಸಿಕೊಂಡಿದ್ದಳು. ನೂರ್ಯಾತಿಯ ಎರಡೂ ಕೈ ಹಿಡಿದಾಗ ಅದರಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಎಲ್ಲರೂ ಹೇಳುವುದನ್ನೇ ಹೇಳಿದಳು: "ಹೊರಗಿನ ತಪ್ಪು, ಒಳಗಿನ ತಪ್ಪು, ಎಲ್ಲ ಕ್ಷಮಿಸಿಬಿಡು."

"ನನ್ನ ತಪ್ಪನ್ನೂ ಕ್ಷಮಿಸಿ ಅಕ್ಕ," ಎಂದಳು ನೂರ್ಯಾತಿ. ಮುಖದಲ್ಲಿ ಸಿಟ್ಟಿರಲಿಲ್ಲ. ಅನಾನಸ್ ಬಿಸ್ಕತ್ತಿನ ಜಾಡಿಯ ಮುಚ್ಚಳ ತೆಗೆದು ಮುಂದೆ ಹಿಡಿದಳು. ತುಮಿರಾ ಒಂದು ತೆಗೆದುಕೊಂಡು ಕೂತಳು.

ಅಷ್ಟರಲ್ಲಿ ಪಕ್ಕದ ಮನೆಯವರು ಬಂದರು. ನೂರ್ಯಾತಿ ಅವರ ಕೈಯನ್ನೂ ಹಾಗೇ ಹಿಡಿದು, ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿ, ಜಾಡಿಯನ್ನು ಅವರತ್ತ ತಿರುಗಿಸಿದಳು. ಕೂರಲು ಜಾಗ ಸಾಲದೆ ತುಮಿರಾ ಎದ್ದಳು. ಹೊರಡುತ್ತೇನೆ ಎಂದಳು. ನೂರ್ಯಾತಿ ಬಂದವರಿಗೆ ಚಹಾ ಬಗ್ಗಿಸುತ್ತ, ತಿರುಗಿ ನೋಡದೆ, "ಹೋಗಿ ಬನ್ನಿ" ಎಂದಳು.