ಚಿಕನ್ ಮೇಲಿನ ಚೀಸ್ ವೆಜ್ ಅಂತೆ!

ಅಡುಗೆಮನೆಯ ಬಾಗಿಲು ತಳ್ಳಿದೆ. ಓವನ್ನಿನಿಂದ ಆಗಷ್ಟೇ ತೆಗೆದಿಟ್ಟಿದ್ದ ನನ್ನ ಚಿಕನ್ ಟ್ರೇಯ ಮುಂದೆ ವಿಮಲಕ್ಕ ನಿಂತಿದ್ದರು. ಮೇಲೆ ಕರಗಿ ಕೆಂಪಗಾಗಿದ್ದ ಚೀಸನ್ನು ಚಮಚದಲ್ಲಿ ಎಬ್ಬಿಸಿ ಬಾಯಿಗಿಟ್ಟುಕೊಳ್ಳುತ್ತಿದ್ದರು. ಗಲ್ಲದವರೆಗೂ ಚೀಸಿನ ಎಳೆ ಜೋತಾಡುತ್ತಿತ್ತು.

ತೊಂಬತ್ತರ ದಶಕದಲ್ಲಿ ದುಬೈನ ಕರಾಮದಲ್ಲಿ ನಮಗೊಂದು ಕೋಣೆ ಬಾಡಿಗೆಗೆ ಕೊಟ್ಟಿದ್ದ ಮೈಸೂರಿನ ಮಹಾತಾಯಿ ಇವರು. ಅಡುಗೆಮನೆ ಇಬ್ಬರಿಗೂ ಒಂದೇ. ಶುಕ್ರವಾರ ನಾನು ಅಗ್ಗದ ಫ್ರೋಜನ್ ಕೋಳಿ, ಡಬ್ಬಿ ಚೀಸ್, ಉಳಿದ ಖುಬೂಸ್ ರೊಟ್ಟಿ ಸೇರಿಸಿ ಬೇಯಿಸಿದರೆ ಸಾಕು, ಮೂಗು ಮುಚ್ಚಿಕೊಂಡು ಬಂದು ಒಂದು ಊದುಬತ್ತಿ ಹಚ್ಚಿ, ತಮ್ಮ ಮನೆತನದ ಮಡಿಯನ್ನು ನೆನಪಿಸಿ ಹೋಗುತ್ತಿದ್ದರು.

"ಚಿಕನ್ ಮುಟ್ಟಿಲ್ಲ ಕಣ್ರೀ. ಚೀಸ್ ಮಾತ್ರ ತಗೊಂಡೆ. ಚೀಸ್ ವೆಜ್ ತಾನೇ?" ಎಂದರು, ನಾಚಿಕೆಯಿಲ್ಲದೆ.

"ಹೌದು ಮಾರಾಯ್ರೆ, ಕೋಳಿ ಅಡಿಯಲ್ಲಿ ಸುಮ್ನೆ ಮಲಗಿದ್ದು," ಎಂದೆ.

ಮುಂದಿನ ಶುಕ್ರವಾರ ಬೇಕೆಂದೇ ಚೀಸನ್ನು ತಳಕ್ಕೆ ಹಾಕಿ, ಕೋಳಿಯನ್ನು ಮೇಲೆ ಹರಡಿದೆ. ಸ್ನಾನ ಮುಗಿಸಿ ಬರುವಷ್ಟರಲ್ಲಿ ಚೀಸಿನ ಜೊತೆ ಎರಡು ತುಂಡು ಕೋಳಿಯೂ ಮಾಯ. ಅಂದು ಅಡುಗೆಮನೆಯಲ್ಲಿ ಊದುಬತ್ತಿಯೂ ಎರಡು ಉರಿಯುತ್ತಿದ್ದವು.